ಮುಂಜಾನೆಯ ಮುಹೂರ್ತಕ್ಕೆ ತಗಡಿನ ಶೆಡ್ ಬೆಚ್ಚಗಾಗಬೇಕೆಂದರೆ ಯಾವ ಹೀಟರ್ ಬಾಡಿಗೆಗೆ ತರಬೇಕು?

ಪ್ರಶ್ನೆ: ಜನವರಿ ಕೊನೆಯ ವಾರ ನನ್ನ ತಂಗಿಯ ಮದುವೆ. ದೇವನಹಳ್ಳಿ ಹತ್ತಿರ ಚಿಕ್ಕಪ್ಪನ ತೋಟದಲ್ಲಿ ದ್ರಾಕ್ಷಿ ಪ್ಯಾಕ್ ಮಾಡಲು ಕಟ್ಟಿಸಿದ ದೊಡ್ಡ ತಗಡಿನ ಶೆಡ್ ಇದೆ. 100 ಅಡಿ ಉದ್ದ, 60 ಅಡಿ ಅಗಲ, 18 ಅಡಿ ಎತ್ತರ. ಉದ್ದದ ಎರಡೂ ಬದಿಗೆ ತಗಡಿನ ಗೋಡೆ, ಪೂರ್ವ ಮತ್ತು ಪಶ್ಚಿಮದ ಕಡೆ ಪೂರ್ತಿ ಬಯಲು. ಸಂಜೆ 7ಕ್ಕೆ ಆರತಕ್ಷತೆ, 400 ಜನ. ಮರುದಿನ ಬೆಳಿಗ್ಗೆ 6ರಿಂದ 7.15ರೊಳಗೆ ಧಾರೆ, 150 ಜನ. ಅಜ್ಜಿಗೆ 84 ವರ್ಷ, ಉಬ್ಬಸ ಇದೆ. ಆರತಕ್ಷತೆಯಲ್ಲಿ ಜನ ಚಳಿಗೆ ನಡುಗಬಾರದು ಅಂತ ಹೀಟರ್ ವಿಚಾರಿಸಿದೆ. ಒಬ್ಬರು ಎರಡು ಡೀಸೆಲ್ ಟಾರ್ಪಿಡೊ ಹೀಟರ್ ಸಾಕು ಅಂದರು. ಇನ್ನೊಬ್ಬರು ಹತ್ತು ಗ್ಯಾಸ್ ಮಶ್ರೂಮ್ ಹೀಟರ್ ಇಡಿ ಅನ್ನುತ್ತಾರೆ. ಮೂರನೆಯವರು ಜನರೇಟರ್ ಜೊತೆ ತ್ರೀ ಫೇಸ್ ಎಲೆಕ್ಟ್ರಿಕ್ ಹೀಟರ್ ಕೊಡುತ್ತಾರಂತೆ. ಯಾವುದನ್ನು ತರಲಿ?

ಉತ್ತರ: ಮೊದಲು ತಂಗಿಗೆ ನನ್ನ ಶುಭಾಶಯ ತಿಳಿಸಿ. ನಿಮ್ಮ ಯೋಚನೆಯೆಲ್ಲ ಸಂಜೆಯ ಆರತಕ್ಷತೆಯ ಮೇಲಿದೆ. ಇಪ್ಪತ್ತು ವರ್ಷ ಬಿಸಿಗಾಳಿ ಯಂತ್ರಗಳನ್ನು ಬಾಡಿಗೆಗೆ ಕೊಟ್ಟ ನನಗೆ ಯೋಚನೆ ಹತ್ತಿರುವುದು ಬೆಳಗಿನ ಧಾರೆಯದು.

ಶಿವರಾತ್ರಿ ಬಂದರೆ ಚಳಿ ಶಿವ ಶಿವಾ ಅಂತ ಹೋಗುತ್ತೆ ಅನ್ನುತ್ತೇವೆ, ನಿಮ್ಮ ಮದುವೆ ಅದಕ್ಕೂ ಮೊದಲೇ ಇದೆ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ತಾಪಮಾನ 7.8 ಡಿಗ್ರಿ, 1884ರ ಜನವರಿ 13ರಂದು. ಅಷ್ಟು ಚಳಿ ನಿಮಗೆ ಬರಲಿಕ್ಕಿಲ್ಲ. ಜನವರಿ ಕೊನೆಗೆ ಸಂಜೆ 7ಕ್ಕೆ ಹೊರಗೆ 22 ಡಿಗ್ರಿಯ ಆಸುಪಾಸು ಇರುತ್ತದೆ, ಅದು ಶಾಲು ಹೊದ್ದರೆ ಮುಗಿಯುವ ಚಳಿ. ಆದರೆ ಅತಿ ಹೆಚ್ಚು ಚಳಿ ಇರುವುದು ಸೂರ್ಯ ಹುಟ್ಟುವ ಮುಂಚಿನ ಹೊತ್ತಿನಲ್ಲಿ. ಆ ದಿನಗಳಲ್ಲಿ ನಮ್ಮಲ್ಲಿ ಸೂರ್ಯ ಹುಟ್ಟುವುದು 6.45ರ ಸುಮಾರಿಗೆ. ಅಂದರೆ ನಿಮ್ಮ ಮುಹೂರ್ತ ದಿನದ ಅತಿ ತಣ್ಣಗಿನ ಗಳಿಗೆಗೇ ಬಿದ್ದಿದೆ. ನಗರದೊಳಗೆ 15 ಇದ್ದರೆ ದೇವನಹಳ್ಳಿಯ ಬಯಲಿನಲ್ಲಿ 13 ಅಂತ ಲೆಕ್ಕ ಹಾಕಿಕೊಳ್ಳಿ. ಪುರೋಹಿತರು ಬರಿ ಮೈಯಲ್ಲಿ ಕೂತಿರುತ್ತಾರೆ, ಹುಡುಗ ಹುಡುಗಿ ತಲೆಗೆ ಸ್ನಾನ ಮಾಡಿ ಬಂದಿರುತ್ತಾರೆ, ಅಜ್ಜಿ ನಾಲ್ಕಕ್ಕೇ ಎದ್ದಿರುತ್ತಾರೆ. ಹೀಟರ್ ಬೇಕಾಗಿರುವುದು ಆಗ.

ಸಂಜೆಗೆ ಯಾಕೆ ಬೇಡ ಅನ್ನುತ್ತೇನೆ ಅಂದರೆ, ಜನರೇ ಹೀಟರ್. ಸುಮ್ಮನೆ ಕೂತ ಒಬ್ಬ ಮನುಷ್ಯನ ಮೈಯಿಂದ ಸುತ್ತಲಿನ ಗಾಳಿಗೆ ಹೆಚ್ಚುಕಡಿಮೆ 70 ವ್ಯಾಟ್ ಶಾಖ ಹೋಗುತ್ತಲೇ ಇರುತ್ತದೆ. 400 ಜನ ಸೇರಿದರೆ 28 ಕಿಲೋವ್ಯಾಟ್. ಮನೆಯಲ್ಲಿ ಬಳಸುವ ಎರಡು ಕಿಲೋವ್ಯಾಟ್ ರೂಮ್ ಹೀಟರ್ ಹದಿನಾಲ್ಕನ್ನು ಒಟ್ಟಿಗೆ ಹಚ್ಚಿದ ಹಾಗೆ. ಅದರ ಮೇಲೆ ವೇದಿಕೆಯ ಫೋಕಸ್ ಲೈಟು, ಊಟದ ಬಿಸಿ. ಗಾಳಿ ನುಗ್ಗದಂತೆ ನೋಡಿಕೊಂಡರೆ ಎಂಟು ಗಂಟೆಗೆ ಯಾರೋ ಒಬ್ಬರು ಫ್ಯಾನ್ ಹಾಕಿ ಅನ್ನುತ್ತಾರೆ. ಬೆಳಿಗ್ಗೆ 150 ಜನ ಕೊಡುವುದು 10 ಕಿಲೋವ್ಯಾಟ್ ಮಾತ್ರ, ಅದೂ ಅವರೆಲ್ಲ ಬಂದು ಕೂತ ಮೇಲೆ.

ಗಾಳಿ ನುಗ್ಗದಂತೆ ಅಂದೆನಲ್ಲ, ನಿಮ್ಮ ಇಡೀ ಸಮಸ್ಯೆ ಅಲ್ಲೇ ಇದೆ. ಶೆಡ್ಡಿನ ಪೂರ್ವ, ಪಶ್ಚಿಮ ಎರಡೂ ಬಯಲು. ಚಳಿಗಾಲದಲ್ಲಿ ನಮ್ಮ ಕಡೆ ಗಾಳಿ ಬೀಸುವುದು ಪೂರ್ವ, ಈಶಾನ್ಯದಿಂದ. ನಿಮ್ಮ ಶೆಡ್ ಆ ಗಾಳಿಗೆ ಕೊಳವೆ ಇಟ್ಟ ಹಾಗಿದೆ. ದೀಪದ ಕುಡಿ ಸ್ವಲ್ಪ ಓಲಾಡುವಷ್ಟು ಗಾಳಿ, ಸೆಕೆಂಡಿಗೆ ಅರ್ಧ ಮೀಟರ್ ಅಂತ ಇಟ್ಟುಕೊಳ್ಳಿ, 60 ಅಡಿ ಅಗಲದ ಆ ಬಾಯಿಯಿಂದ ಒಳಗೆ ಬಂದರೆ ಸೆಕೆಂಡಿಗೆ 50 ಘನಮೀಟರ್ ತಣ್ಣನೆ ಗಾಳಿ ಹರಿಯುತ್ತದೆ. ಅದನ್ನು 13 ಡಿಗ್ರಿಯಿಂದ 21ಕ್ಕೆ ಏರಿಸಲು 400 ಕಿಲೋವ್ಯಾಟಿಗೂ ಹೆಚ್ಚು ಶಾಖ ಬೇಕು. ಎರಡು ಟಾರ್ಪಿಡೊ ಅಲ್ಲ, ಎಂಟು ತಂದು ಇಟ್ಟರೂ ಬಿಸಿಯೆಲ್ಲ ಪಶ್ಚಿಮದ ಬಾಯಿಂದ ದ್ರಾಕ್ಷಿ ತೋಟಕ್ಕೆ ಹೋಗುತ್ತದೆ. ಹೀಟರ್ ತಂದು, ದುಡ್ಡು ಸುರಿದು, "ಏನೂ ಪ್ರಯೋಜನ ಆಗ್ಲಿಲ್ಲ ಸರ್" ಅಂತ ನನಗೆ ಫೋನ್ ಮಾಡಿದವರಲ್ಲಿ ಹೆಚ್ಚಿನವರ ಕಥೆ ಇದೇ.

ಹಾಗಾಗಿ ಹೀಟರಿನವರಿಗಿಂತ ಮೊದಲು ಶಾಮಿಯಾನದವರನ್ನು ಕರೆಯಿರಿ. ಪೂರ್ವದ ಬಾಯಿಗೆ ನೆಲ ಮುಟ್ಟುವ ಹಾಗೆ ದಪ್ಪ ಟಾರ್ಪಾಲ್ ಕಟ್ಟಿಸಿ, ಕೆಳ ಅಂಚಿಗೆ ಮರಳಿನ ಮೂಟೆ ಇಡಿಸಿ. ಪಶ್ಚಿಮದ ಕಡೆ ಜನ ಓಡಾಡುವ ದಾರಿಗೆ ಆರೇಳು ಅಡಿ ಅಂತರದಲ್ಲಿ ಎರಡು ಪರದೆ ಇರಲಿ, ಒಂದನ್ನು ಸರಿಸಿದಾಗ ಇನ್ನೊಂದು ಮುಚ್ಚಿರುತ್ತದೆ. ಟಾರ್ಪಾಲ್ ಕಟ್ಟಿದ ಪೂರ್ವದ ಕಡೆಯೂ ಎರಡು ಕಡೆ ಆಳೆತ್ತರದ ಸೀಳು ಬಿಡಿಸಿ, ಅದಕ್ಕೆ ಹಗ್ಗದ ಗಂಟು ಹಾಕಲು ಬಿಡಬೇಡಿ. ಏನಾದರೂ ಹೆಚ್ಚುಕಡಿಮೆ ಆದರೆ ಮಕ್ಕಳು ಮುದುಕರೆಲ್ಲ ಕೈಯಲ್ಲಿ ಸರಿಸಿ ಹೊರಗೆ ಬರುವಂತಿರಬೇಕು. ಇದನ್ನು ನೀವೇ ನಿಂತು ನೋಡಿ, ಕಟ್ಟುವ ಹುಡುಗರು ಗಾಳಿಗೆ ಹಾರದಿರಲಿ ಅಂತ ಬಿಗಿದುಬಿಡುತ್ತಾರೆ.

ಇನ್ನೊಂದು ಕೆಲಸ ಮೇಲ್ಕಟ್ಟು. ಅಲಂಕಾರಕ್ಕೆ ಹೇಗೂ ಬಟ್ಟೆ ಕಟ್ಟಿಸುತ್ತೀರಿ, ಅದನ್ನು 12 ಅಡಿಗೆ ಒತ್ತಾಗಿ ಕಟ್ಟಿಸಿ. ಬಿಸಿಗಾಳಿ ಮೇಲಕ್ಕೇ ಹೋಗುವುದು. 18 ಅಡಿ ಮೇಲಿನ ತಗಡನ್ನು ಬೆಚ್ಚಗೆ ಮಾಡಿ ನಿಮಗೇನೂ ಸಿಗುವುದಿಲ್ಲ. ನೆಲಕ್ಕೆ ಜಮಖಾನ ಹಾಸಿ. ಇಡೀ ರಾತ್ರಿ ತಣ್ಣಗಾದ ಕಾಂಕ್ರೀಟ್ ಎರಡು ಗಂಟೆ ಹೀಟರ್ ಹಚ್ಚಿದರೂ ಬಿಸಿಯಾಗುವುದಿಲ್ಲ, ಚಪ್ಪಲಿ ಬಿಟ್ಟು ಕೂತವರ ಅಂಗಾಲಿನಿಂದಲೇ ಚಳಿ ಏರುತ್ತದೆ. ಗಾಳಿ 22 ಡಿಗ್ರಿ ತೋರಿಸುತ್ತಿದ್ದರೂ ಅಜ್ಜಿ "ಚಳಿ ಕಣಪ್ಪಾ" ಅನ್ನುತ್ತಿರುತ್ತಾರೆ, ಅವರು ಹೇಳುವುದು ನಿಜವೇ.

ಬೆಳಿಗ್ಗೆಗೆ ಇಡೀ 100 ಅಡಿ ಬೇಕಾಗಿಲ್ಲ. 150 ಜನಕ್ಕೆ ಅರ್ಧ ಶೆಡ್ ಧಾರಾಳ. ಆರತಕ್ಷತೆ ಮುಗಿದ ಮೇಲೆ ನಡುವೆ ಅಡ್ಡ ಪರದೆ ಎಳೆಯುವ ಹಾಗೆ ಮೊದಲೇ ತಂತಿ ಕಟ್ಟಿಸಿಡಿ. ಮೇಲ್ಕಟ್ಟಿನ ಲಾಭ ಬಿಟ್ಟು ಲೆಕ್ಕ ಹಾಕುತ್ತೇನೆ. ಒಂದು ಪದರದ ತಗಡಿನ ಪ್ರತಿ ಚದರಮೀಟರಿನಿಂದ, ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸ ಇದ್ದರೆ, ಸುಮಾರು 6 ವ್ಯಾಟ್ ಸೋರುತ್ತದೆ. ಅರ್ಧ ಶೆಡ್ಡಿನ ಸೂರು, ಗೋಡೆ, ಪರದೆ ಎಲ್ಲ ಸೇರಿ 640 ಚದರಮೀಟರ್, ವ್ಯತ್ಯಾಸ 8 ಡಿಗ್ರಿ. ಅಲ್ಲಿಗೆ 31 ಕಿಲೋವ್ಯಾಟ್. ಸಂದುಗಳಲ್ಲಿ ಗಂಟೆಗೆ ಮೂರು ಸಲ ಒಳಗಿನ ಗಾಳಿ ಬದಲಾಗುತ್ತದೆ ಅಂತ ಹಿಡಿದರೆ ಅದಕ್ಕೆ 12. ಒಟ್ಟು 43. ಜನ ಕೂತ ಮೇಲೆ ಅವರ 10 ಕಳೆಯುತ್ತದೆ. ಸಂದುಗಳನ್ನು ಇನ್ನೂ ಬಿಗಿಯಾಗಿ ಮುಚ್ಚಲು ಹೋಗಬೇಡಿ, 150 ಜನ ಉಸಿರಾಡುವ ಜಾಗ ಅದು, ಆ ಮೂರು ಸಲದ ಗಾಳಿ ಬೇಕೇ ಬೇಕು. 50 ಕಿಲೋವ್ಯಾಟಿನ ಒಂದು ಯಂತ್ರ ಸಾಕು. ಅಂಗಡಿಯವರು ಬಿಟಿಯು ಅಥವಾ ಕಿಲೋಕ್ಯಾಲರಿಯಲ್ಲಿ ಹೇಳಿದರೆ, 50 ಕಿಲೋವ್ಯಾಟ್ ಅಂದರೆ 1.7 ಲಕ್ಷ ಬಿಟಿಯು, ಅಥವಾ 43,000 ಕಿಲೋಕ್ಯಾಲರಿ.

ಈಗ ಆ ಮೂವರ ವಿಷಯಕ್ಕೆ ಬರುತ್ತೇನೆ.

ಟಾರ್ಪಿಡೊ ಹೀಟರ್ ಅಂದರೆ ಉದ್ದನೆ ಕೊಳವೆ, ಹಿಂದೆ ಫ್ಯಾನು, ಒಳಗೆ ಡೀಸೆಲ್ ಅಥವಾ ಸೀಮೆಎಣ್ಣೆಯ ಬೆಂಕಿ. ಅದಕ್ಕೆ ಹೊಗೆ ಕೊಳವೆ ಇರುವುದಿಲ್ಲ. ಉರಿದ ಹೊಗೆ, ಬಿಸಿಗಾಳಿ ಎರಡೂ ಒಂದೇ ಬಾಯಿಂದ ನಿಮ್ಮ ಮುಖಕ್ಕೆ ಬರುತ್ತದೆ. ಶಾಖವೇನೋ ಪೂರ್ತಿ ಸಿಗುತ್ತದೆ, ಅದಕ್ಕೇ ಬಾಡಿಗೆ ಅಗ್ಗ. ಹದಿನೈದು ವರ್ಷದ ಹಿಂದೆ ದಾಬಸ್‌ಪೇಟೆ ಕಡೆಯ ಒಂದು ಗೋದಾಮಿಗೆ ನಾನೇ ಅದನ್ನು ಕೊಟ್ಟಿದ್ದೆ. ಡಿಸೆಂಬರ್ ರಾತ್ರಿ, ನೆಲಕ್ಕೆ ಇಪಾಕ್ಸಿ ಅನ್ನುವ ಗಟ್ಟಿಯಾಗುವ ಲೇಪ ಹಾಕಿದ್ದರು, ಬೇಗ ಗಟ್ಟಿಯಾಗಲಿ ಅಂತ ಶಟರ್ ಎಳೆದು ಹೀಟರ್ ಹಚ್ಚಿದರು. ಶಟರ್ ಅರ್ಧ ತೆರೆದಿರಬೇಕು ಅಂತ ನಾನು ಬಾಯಲ್ಲಿ ಹೇಳಿದ್ದೆ, ನಿಂತು ನೋಡಲಿಲ್ಲ. ನಾಲ್ಕು ಗಂಟೆಗೆ ಹೋಗಿ ನೋಡಿದರೆ ಪೇಂಟಿಂಗ್ ಹುಡುಗ ಒಬ್ಬ ಮೆಟ್ಟಿಲ ಮೇಲೆ ತಲೆ ಹಿಡಿದುಕೊಂಡು ಕೂತಿದ್ದ. "ಅಣ್ಣಾ, ತಲೆ ಸೀಳಿ ಹೋಗ್ತಿದೆ" ಅಂದ. ಪಕ್ಕದಲ್ಲಿ ಇನ್ನೊಬ್ಬ ವಾಂತಿ ಮಾಡಿಕೊಂಡಿದ್ದ. ಹೊರಗಿನ ಗಾಳಿಗೆ ಕೂರಿಸಿ, ಆಸ್ಪತ್ರೆಗೆ ಕರೆದುಕೊಂಡು ಹೋದೆವು, ಇಬ್ಬರೂ ಉಳಿದರು. ಬೆಳಿಗ್ಗೆ ನೆಲ ನೋಡಿದರೆ ಮೇಲೆಲ್ಲ ಹಾಲಿನ ಕೆನೆಯಂಥ ಅಂಟಂಟು ಪದರ, ಹೊಗೆಯ ಇಂಗಾಲದ ಡೈಆಕ್ಸೈಡ್ ಮತ್ತು ತೇವ ಇಪಾಕ್ಸಿಯ ಜೊತೆ ಸೇರಿ ಆದದ್ದು. ನೆಲವನ್ನು ಮತ್ತೆ ಕೆರೆದು ಹಾಕಬಹುದು. ಆ ಹುಡುಗನ ಮುಖ ನನ್ನ ಕಣ್ಣಿಂದ ಹೋಗಿಲ್ಲ. ಅಂದಿನಿಂದ ಜನ ಇರುವ, ಮುಚ್ಚಿದ ಜಾಗಕ್ಕೆ ಟಾರ್ಪಿಡೊ ಕೊಟ್ಟಿಲ್ಲ.

ಅವರನ್ನು ಹಿಡಿದದ್ದು ಕಾರ್ಬನ್ ಮಾನಾಕ್ಸೈಡ್. ಬಣ್ಣ ಇಲ್ಲ, ವಾಸನೆ ಇಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅದನ್ನು ಹಿಡಿದುಕೊಳ್ಳುತ್ತದೆ. ಜೊತೆಗೆ ಬರುವ ಸಾರಜನಕದ ಡೈಆಕ್ಸೈಡ್ ಉಬ್ಬಸದವರ ಎದೆಯನ್ನು ನೇರವಾಗಿ ಕೆರಳಿಸುತ್ತದೆ. ನಿಮ್ಮ ಅಜ್ಜಿಯ ಕಾರಣಕ್ಕೇ ಈ ಯಂತ್ರ ಬೇಡ. ಇನ್ನೊಂದು, ಒಂದು ಲೀಟರ್ ಡೀಸೆಲ್ ಉರಿದರೆ ಹತ್ತಿರ ಹತ್ತಿರ ಒಂದು ಲೀಟರ್ ನೀರು ಆವಿಯಾಗಿ ಗಾಳಿಗೆ ಸೇರುತ್ತದೆ. ಮುಂಜಾನೆ ತಣ್ಣಗಿರುವ ತಗಡಿಗೆ ಅದು ತಾಗಿ, ಹನಿಯಾಗಿ, ಮಂಟಪದ ಮೇಲೆ ತೊಟ್ಟಿಕ್ಕುತ್ತದೆ.

ಮಶ್ರೂಮ್ ಹೀಟರ್, ಅಂದರೆ ಕಂಬದ ಮೇಲೆ ಅಣಬೆಯಂಥ ತಲೆ ಇರುವ ಗ್ಯಾಸ್ ಹೀಟರ್, ಕೆಟ್ಟದ್ದಲ್ಲ, ಆದರೆ ಅದರ ಜಾಗ ಬಯಲು. ಒಂದೊಂದೂ 12 ಕಿಲೋವ್ಯಾಟಿನ ಆಸುಪಾಸು, ಗಂಟೆಗೆ ಒಂದು ಕೆಜಿಯಷ್ಟು ಗ್ಯಾಸ್ ಕುಡಿಯುತ್ತದೆ. ಹತ್ತು ಹೀಟರ್ ಅಂದರೆ ಬಟ್ಟೆಯ ಮೇಲ್ಕಟ್ಟಿನ ಕೆಳಗೆ, ಮಕ್ಕಳು ಓಡಾಡುವ ಕಡೆ, ಹತ್ತು ಸಿಲಿಂಡರ್. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಮೇಲೆ ಹೋಗದೆ ಜಮಖಾನದ ಮೇಲೆ ತಗ್ಗು ಹುಡುಕಿಕೊಂಡು ಹರಿಯುತ್ತದೆ. ಒಳಗೆ ಬೇಡವೇ ಬೇಡ. ಹೊರಗೆ ಕಾಫಿ ಕೊಡುವ ಕಡೆ, ಗಾಡಿ ನಿಲ್ಲಿಸುವ ಕಡೆ ಎರಡು ಇಟ್ಟರೆ ಡ್ರೈವರುಗಳಿಗೂ ಅಡುಗೆಯವರಿಗೂ ಉಪಕಾರ ಆಗುತ್ತದೆ. 19 ಕೆಜಿಯ ವಾಣಿಜ್ಯ ಸಿಲಿಂಡರನ್ನೇ ಹಾಕಿಸಿ, ಮನೆಯ 14.2 ಕೆಜಿ ಸಿಲಿಂಡರ್ ತಂದರೆ ವಾಪಸ್ ಕಳಿಸಿ. ಹೀಟರ್ ವಾಲಿದರೆ ತಾನಾಗಿ ಆರುವ ಸ್ವಿಚ್ ಕೆಲಸ ಮಾಡುತ್ತದೆಯೇ ಅಂತ ಓರೆ ಮಾಡಿ ಪರೀಕ್ಷಿಸಿ.

ತ್ರೀ ಫೇಸ್ ಎಲೆಕ್ಟ್ರಿಕ್ ಹೀಟರಿನಲ್ಲಿ ಹೊಗೆಯ ಭಯ ಇಲ್ಲ. ತೊಡಕು ಕರೆಂಟಿನದು. 40 ಕಿಲೋವ್ಯಾಟ್ ಅಂದರೆ 415 ವೋಲ್ಟಿನಲ್ಲಿ ಪ್ರತಿ ಫೇಸಿಗೆ 56 ಆಂಪಿಯರ್. ತೋಟದ ಪಂಪ್‌ಸೆಟ್ ಲೈನಿಗೆ ಅದನ್ನು ಸಿಕ್ಕಿಸುವ ಯೋಚನೆಯೂ ಬೇಡ. ಜನರೇಟರಿನಿಂದ ಕೊಡುತ್ತೇನೆ ಅಂದರೆ 62.5 ಕೆವಿಎ ಮೆಷಿನ್ ಬೇಕು, ಅದರಿಂದ ಸಿಗುವುದು 50 ಕಿಲೋವ್ಯಾಟ್, ಲೈಟು, ಮೈಕು, ಅಡುಗೆಮನೆಯ ಗ್ರೈಂಡರ್ ಅದರ ಮೇಲೆ ಕೂಡದು. ಒಂದು ಲೀಟರ್ ಡೀಸೆಲನ್ನು ಬರ್ನರಿನಲ್ಲಿ ಉರಿಸಿದರೆ 10 ಯೂನಿಟ್ ಶಾಖ, ಜನರೇಟರಿಗೆ ಹಾಕಿ ಕರೆಂಟ್ ಮಾಡಿ ಹೀಟರಿಗೆ ಕೊಟ್ಟರೆ ಮೂರು ಚಿಲ್ಲರೆ ಯೂನಿಟ್. ಮಿಕ್ಕದ್ದು ಜನರೇಟರಿನ ಹೊಗೆಯಲ್ಲಿ, ರೇಡಿಯೇಟರಿನಲ್ಲಿ ಬಯಲಿಗೆ ಹೋಗುತ್ತದೆ. ಬೆಸ್ಕಾಂನಿಂದ ತಾತ್ಕಾಲಿಕ ಸಂಪರ್ಕ ತೆಗೆದುಕೊಂಡು ಅಷ್ಟು ಲೋಡ್ ಸಿಗುವುದಾದರೆ ಎಲೆಕ್ಟ್ರಿಕ್ಕೇ ಒಳ್ಳೆಯದು. ಸಿಗದಿದ್ದರೆ ಬಿಡಿ.

ನಾನು ಹೇಳುವ ಯಂತ್ರದ ಹೆಸರನ್ನು ಆ ಮೂವರೂ ಹೇಳಿಲ್ಲ. ಅದು ಚಿಮಣಿ ಇರುವ ಡೀಸೆಲ್ ಹೀಟರ್, ಬಾಡಿಗೆಯವರು ಇನ್‌ಡೈರೆಕ್ಟ್ ಹೀಟರ್ ಅನ್ನುತ್ತಾರೆ. ಬೆಂಕಿ ಮುಚ್ಚಿದ ಉಕ್ಕಿನ ಪೆಟ್ಟಿಗೆಯೊಳಗೆ ಉರಿಯುತ್ತದೆ, ಹೊಗೆ ಚಿಮಣಿಯಲ್ಲಿ ಹೊರಗೆ ಹೋಗುತ್ತದೆ, ಪೆಟ್ಟಿಗೆಯ ಹೊರಮೈಯನ್ನು ಸವರಿಕೊಂಡು ಬಂದ ಶುದ್ಧ ಗಾಳಿ ಮಾತ್ರ ಮಡಚುವ ದಪ್ಪ ಪೈಪಿನಲ್ಲಿ ಒಳಗೆ ಬರುತ್ತದೆ. ಯಂತ್ರ ಶೆಡ್ಡಿನ ಹೊರಗೇ ನಿಲ್ಲುತ್ತದೆ. ಶೇಕಡ 15ರಷ್ಟು ಶಾಖ ಚಿಮಣಿಗೆ ಹೋಗುತ್ತದೆ, ಹೋಗಲಿ. 40 ಕಿಲೋವ್ಯಾಟಿನಲ್ಲಿ ಓಡಿಸಿದರೆ ಗಂಟೆಗೆ ಐದು ಲೀಟರಿನೊಳಗೆ, ಬೆಳಗಿನ ಜಾವ 4ರಿಂದ 8ರವರೆಗೆ 20 ಲೀಟರ್ ಡೀಸೆಲ್. ಒಂದು ಕ್ಯಾನ್ ಹೆಚ್ಚಿಗೆ ಇರಲಿ, ಆದರೆ ಅದು ಯಂತ್ರದಿಂದ ದೂರ ಇರಲಿ, ಉರಿಯುತ್ತಿರುವಾಗ ಡೀಸೆಲ್ ತುಂಬಬಾರದು.

ಗಾಳಿ ಪೂರ್ವದಿಂದ ಬರುವುದರಿಂದ ಯಂತ್ರವನ್ನೂ ಜನರೇಟರನ್ನೂ ಪಶ್ಚಿಮದ ಕಡೆ ಇಡಿಸಿ, ಹೊಗೆ ತೋಟದತ್ತ ಹೋಗುತ್ತದೆ. ಬಿಸಿಗಾಳಿಯ ಪೈಪಿನ ಬಾಯಿ ನೆಲದ ಮಟ್ಟದಲ್ಲಿ ಗೋಡೆಯ ಉದ್ದಕ್ಕೆ ಮುಖ ಮಾಡಿರಲಿ. ಜನರ ಕಡೆಗೆ ತಿರುಗಿಸಬೇಡಿ, ಬಾಯಿಯ ಹತ್ತಿರ ಕೈ ಇಡಲಾಗದಷ್ಟು ಬಿಸಿ ಇರುತ್ತದೆ, ಬಟ್ಟೆ, ಬಾಳೆಕಂದು, ತೋರಣ ಯಾವುದೂ ಎದುರಿಗೆ ಬರಬಾರದು. ಹಚ್ಚಿದಾಗ ಮೊದಲು ಫ್ಯಾನಿನ ಸದ್ದು, ಆಮೇಲೆ ಕಿಡಿಯ ಟಕಟಕ, ನಂತರ ಗೊರ್ ಅಂತ ಉರಿ ಹಿಡಿಯುತ್ತದೆ, ಚಿಮಣಿಯಲ್ಲಿ ಕ್ಷಣಕಾಲ ಬಿಳಿ ಹೊಗೆ. ಒಂದು ನಿಮಿಷ ಕಳೆದರೂ ಹೊಗೆ ಬಿಳಿಯಾಗಿಯೋ ಕಪ್ಪಾಗಿಯೋ ಬರುತ್ತಿದ್ದರೆ ಬರ್ನರ್ ಸರಿಯಿಲ್ಲ, ಆ ಯಂತ್ರ ಬೇಡ ಅನ್ನಿ. ನಿಲ್ಲಿಸುವಾಗ ಪ್ಲಗ್ ಕೀಳಬಾರದು. ಉರಿ ಆರಿದ ಮೇಲೂ ಒಳಗಿನ ಪೆಟ್ಟಿಗೆ ತಣಿಯುವವರೆಗೆ ಫ್ಯಾನ್ ಕೆಲವು ನಿಮಿಷ ತಾನೇ ತಿರುಗುತ್ತದೆ, ಮಧ್ಯೆ ಕಿತ್ತರೆ ಉಕ್ಕು ಕಾದು ಸೀಳುತ್ತದೆ. ಹೊರಗಿನಿಂದ ಕಾಣದ ಆ ಸೀಳಿನಿಂದ ಮುಂದಿನ ಬಾಡಿಗೆಯವರ ಮನೆಗೆ ಹೊಗೆ ಹೋಗುತ್ತದೆ. ನಿಮಗೆ ಬರುವ ಯಂತ್ರಕ್ಕೆ ಹಿಂದೆ ಯಾರೋ ಹಾಗೆ ಮಾಡಿರಬಹುದು, ಅದಕ್ಕೇ ಕಾರ್ಬನ್ ಮಾನಾಕ್ಸೈಡ್ ಮೀಟರ್ ಒಂದನ್ನು ಜೊತೆಗೆ ಕೇಳಿ ಪಡೆಯಿರಿ. ಅಜ್ಜಿ ಕೂರುವ ಕಡೆ ಇಡಿ. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಒಳಾಂಗಣಕ್ಕೆ ಹಾಕಿದ ಮಿತಿ ಒಂದು ಗಂಟೆಗೆ ಘನಮೀಟರಿಗೆ 35 ಮಿಲಿಗ್ರಾಂ, ಮೀಟರಿನಲ್ಲಿ ಅದು 30 ಪಿಪಿಎಂ ಹತ್ತಿರ, ಅಂದರೆ ಹತ್ತು ಲಕ್ಷ ಭಾಗ ಗಾಳಿಯಲ್ಲಿ 30 ಭಾಗ. ನಿಮ್ಮಲ್ಲಿ ಅದು ಸೊನ್ನೆಯ ಆಸುಪಾಸಿನಲ್ಲೇ ಇರಬೇಕು. ಏರತೊಡಗಿದರೆ ಮೊದಲು ಪರದೆ ತೆರೆಯಿರಿ, ಕಾರಣ ಆಮೇಲೆ ಹುಡುಕಿ.

ಅಜ್ಜಿಗೆ ಮತ್ತು ಹಿರಿಯರ ಸಾಲಿಗೆ ಇನ್ನೊಂದು ಏರ್ಪಾಡು ಮಾಡಿ. ಎರಡು ಕಿಲೋವ್ಯಾಟಿನ ಇನ್‌ಫ್ರಾರೆಡ್ ಹೀಟರ್ ನಾಲ್ಕು ಬಾಡಿಗೆಗೆ ಸಿಗುತ್ತವೆ. ಇವು ಗಾಳಿಯನ್ನು ಬಿಟ್ಟು ನೇರ ಮೈಯನ್ನು ಬೆಚ್ಚಗೆ ಮಾಡುತ್ತವೆ, ಎಳೆಬಿಸಿಲಿಗೆ ಕೂತ ಹಾಗೆ. ಎಂಟು ಅಡಿ ಎತ್ತರದ ಗಟ್ಟಿ ಸ್ಟ್ಯಾಂಡಿಗೆ ಬಿಗಿಸಿ ಓರೆಯಾಗಿ ತಿರುಗಿಸಿ, ಮೇಲ್ಕಟ್ಟು, ಪರದೆಗಳಿಂದ ಒಂದು ಮೀಟರಿಗೂ ಹೆಚ್ಚು ದೂರ ಇರಲಿ. ಒಂದೊಂದಕ್ಕೂ 9 ಆಂಪಿಯರ್ ಹತ್ತಿರ ಬೇಕು, ಬೇರೆ ಬೇರೆ 16 ಆಂಪಿಯರ್ ಪಾಯಿಂಟಿನಿಂದ ಎಳೆಸಿ, ನಾಲ್ಕನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಸಿಕ್ಕಿಸುವುದನ್ನು ಕಂಡರೆ ತಡೆಯಿರಿ.

ಹೋಮದ ಬಗ್ಗೆ ನೀವು ಬರೆದಿಲ್ಲ, ಆದರೆ ಧಾರೆಯ ಜೊತೆ ಲಾಜಾಹೋಮ ಸಾಮಾನ್ಯವಾಗಿ ಇರುತ್ತದೆ. ಪರದೆ ಕಟ್ಟಿದ ಜಾಗದಲ್ಲಿ ಆ ಹೊಗೆ ನಿಲ್ಲುತ್ತದೆ. ಹೋಮಕುಂಡದ ನೇರ ಮೇಲೆ ಮೇಲ್ಕಟ್ಟು ಬೇಡ, ಅಲ್ಲಿ ಎಂಟು ಹತ್ತು ಅಡಿ ಚೌಕ ತೆರೆದೇ ಇರಲಿ, ಅದರ ಮೇಲಿನ ಒಂದು ತಗಡನ್ನು ಅಂದಿಗೆ ಬಿಚ್ಚಿಸಿದರೆ ಇನ್ನೂ ಒಳ್ಳೆಯದು. ಸ್ವಲ್ಪ ಬಿಸಿ ಹೋಗುತ್ತದೆ, ನಾನು 50 ಕಿಲೋವ್ಯಾಟಿನ ಯಂತ್ರ ಹೇಳಿದ್ದು ಅದನ್ನೂ ಎಣಿಸಿಯೇ. ಅಜ್ಜಿಯನ್ನು ಕುಂಡದ ಪೂರ್ವಕ್ಕೆ ಕೂರಿಸಿ.

ಮದುಮಗಳು ಸಿದ್ಧವಾಗುವ ಕೋಣೆಗೆ ಯಾರಾದರೂ ಹಿರಿಯರು ಅಗ್ಗಿಷ್ಟಿಕೆಯಲ್ಲಿ ಕೆಂಡ ಇಡೋಣ ಅಂದರೆ ದಯವಿಟ್ಟು ಒಪ್ಪಬೇಡಿ. ಹೊಗೆ ಬರುವುದಿಲ್ಲವಲ್ಲ ಅನ್ನುತ್ತಾರೆ. ಹೊಗೆಯಿಲ್ಲದ ಇದ್ದಿಲ ಕೆಂಡವೇ ಕಾರ್ಬನ್ ಮಾನಾಕ್ಸೈಡನ್ನು ಹೇರಳವಾಗಿ ಕೊಡುವುದು. ಮುಚ್ಚಿದ ಕೋಣೆಯಲ್ಲಿ ಮಲಗಿದವರು ಮತ್ತೆ ಏಳದ ಸುದ್ದಿ ಚಳಿಗಾಲದಲ್ಲಿ ಪತ್ರಿಕೆಯಲ್ಲಿ ಓದುತ್ತಲೇ ಇರುತ್ತೇವೆ. ಆ ಕೋಣೆಗೆ ಎಣ್ಣೆ ತುಂಬಿದ ಎಲೆಕ್ಟ್ರಿಕ್ ರೇಡಿಯೇಟರ್ ಒಂದು ಸಾಕು.

ಬಾಡಿಗೆ ಮಾತಾಡುವಾಗ ದರ ದಿನಕ್ಕೋ, ಎಂಟು ಗಂಟೆಯ ಪಾಳಿಗೋ ಅಂತ ಮೊದಲು ಕೇಳಿ. ಸಾಗಣೆ, ಪೈಪು, ಕೇಬಲ್, ಡೀಸೆಲ್, ಆಪರೇಟರ್ ಇವುಗಳಲ್ಲಿ ಯಾವುದು ಸೇರಿದೆ ಅನ್ನುವುದನ್ನು ಕಾಗದದಲ್ಲಿ ಬರೆಸಿಕೊಳ್ಳಿ. ಆಪರೇಟರ್ ರಾತ್ರಿ ಅಲ್ಲೇ ಉಳಿಯಬೇಕು, ಅವರಿಗೆ ಮಲಗಲು ಜಾಗ, ಹೊದಿಕೆ ನೀವು ಕೊಡಿ. ನಾಲ್ಕು ಗಂಟೆಗೆ ಏಳಬೇಕಾದ ಮನುಷ್ಯ ಟೆಂಪೋದಲ್ಲಿ ನಡುಗುತ್ತಾ ಮಲಗಿದ್ದರೆ ಯಂತ್ರ ಹತ್ತುವುದು ಐದೂವರೆಗೆ. ಪುಡಿಯ ಅಗ್ನಿಶಾಮಕ ಎರಡು, ಒಂದು ಯಂತ್ರದ ಬಳಿ, ಒಂದು ಮಂಟಪದ ಬಳಿ ಇರಲಿ. ಯಂತ್ರವನ್ನು ಆರತಕ್ಷತೆಯ ಹಿಂದಿನ ದಿನವೇ ತರಿಸಿ, ಒಂದು ದಿನದ ಬಾಡಿಗೆ ಹೆಚ್ಚಾದರೂ ಪರವಾಗಿಲ್ಲ. ಆರತಕ್ಷತೆಯ ದಿನ ಬೆಳಿಗ್ಗೆ ಐದು ಗಂಟೆಗೆ, ಪರದೆಯೆಲ್ಲ ಎಳೆದು, ಒಮ್ಮೆ ಹಚ್ಚಿಸಿ, ಅಜ್ಜಿ ಕೂರುವ ಕುರ್ಚಿಯಲ್ಲಿ ನೀವು ಅರ್ಧ ಗಂಟೆ ಕೂತು ನೋಡಿ. ಎಲ್ಲಿಂದಾದರೂ ಗಾಳಿ ಕಾಲಿಗೆ ತಾಗುತ್ತಿದ್ದರೆ ಆ ಒಂದು ಸಂದನ್ನಷ್ಟೇ ಮುಚ್ಚಿಸಲು ಆಗ ಇಡೀ ಹಗಲು ಕೈಯಲ್ಲಿರುತ್ತದೆ.